ಐದು ಭಾನುವಾರದ ವಿಯೆಟ್ನಾಂ ತರಗತಿ: 300 ರೂಪಾಯಿ ಕೊಟ್ಟು ಕೂತವರ ಅನಿಸಿಕೆ

ಮೊದಲೇ ಹೇಳಿಬಿಡುತ್ತೇನೆ, ಹೋಗಿ. ಮುಂದಿನ ತಂಡ ಶುರುವಾದರೆ ತಪ್ಪಿಸಬೇಡಿ. ದೂರುಗಳಿವೆ, ಅವನ್ನೂ ಬರೆಯುತ್ತೇನೆ. ಆದರೆ ದೂರು ಓದಿ ಮನೆಯಲ್ಲೇ ಕೂತರೆ ನಷ್ಟ ನಿಮಗೇ.

ಕಾಸರಗೋಡಿನ ಬದಿಯಡ್ಕದ ಆಚೆ ನಮ್ಮೂರಿನ ವಾಚನಾಲಯದಲ್ಲಿ ಈ ಮಳೆಗಾಲ ಐದು ಭಾನುವಾರ ಇತಿಹಾಸದ ತರಗತಿ ನಡೆಸಿದರು. ಮಧ್ಯಾಹ್ನ 2.30ರಿಂದ 4.30. ಫೀಸು 300 ರೂಪಾಯಿ, ಅದರಲ್ಲಿ ಚಾಯ ಮತ್ತು 20 ಪುಟದ ಝೆರಾಕ್ಸ್ ಸೇರಿದೆ. ಪಾಠ ಪೂರ್ತಿ ಕನ್ನಡದಲ್ಲಿ. ಹೇಳಿದವರು ಹೈಸ್ಕೂಲಿನಿಂದ ನಿವೃತ್ತರಾದ ಒಬ್ಬ ಮಾಸ್ಟ್ರು. ವಿಷಯ ವಿಯೆಟ್ನಾಂ, ಅದರಲ್ಲೂ ಫ್ರೆಂಚರ ವಿರುದ್ಧದ ಅವರ ಹೋರಾಟ. ಯಾವ ವಾಚನಾಲಯ ಎಂದು ಊರಿನವರಿಗೆ ಗೊತ್ತಾಗುತ್ತದೆ, ಹೆಸರು ಹಾಕುವುದಿಲ್ಲ.

ವಿಯೆಟ್ನಾಂ ಎಂದರೆ ನನಗೆ ಗೊತ್ತಿದ್ದದ್ದು ಎರಡೇ. ಒಂದು ಕರಿಮೆಣಸು. ಅಲ್ಲಿಯ ಮೆಣಸು ಬಂದರೆ ಇಲ್ಲಿ ನಮ್ಮ ರೇಟು ಬೀಳುತ್ತದೆ, ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನೊಂದು ಅಮೆರಿಕದ ಯುದ್ಧ. ಹೆಲಿಕಾಪ್ಟರು, ನಾಪಾಮ್ ಬೆಂಕಿ, ಓಡುವ ಮಕ್ಕಳು. ಅದಕ್ಕಿಂತ ಹಿಂದೆ ಅಲ್ಲಿ ಏನಿತ್ತು ಎಂದು ನಾನು ಯಾವತ್ತೂ ಕೇಳಿರಲಿಲ್ಲ. ಕಾಲೇಜಿಗೆ ಹೋಗುವ ಮಗಳು ಹೆಸರು ಕೊಟ್ಟಳು, ಜೊತೆಗೆ ನನ್ನದನ್ನೂ ಸೇರಿಸಿದಳು.

ಮೊದಲನೇ ದಿನ ಮಾಸ್ಟ್ರು ಬೋರ್ಡಿನಲ್ಲಿ ಬರೆದ ಮೊದಲ ಪದ ಹನೋಯ್ ಅಲ್ಲ, ಪ್ಯಾರಿಸ್ ಅಲ್ಲ. ಮಾಹೆ! ರೈಲಿನಲ್ಲಿ ಕೋಯಿಕ್ಕೋಡಿಗೆ ಹೋಗುವಾಗ ತಲಶ್ಶೇರಿ ಆದ ಮೇಲೆ ಸಿಗುತ್ತದಲ್ಲ, ಪೆಟ್ರೋಲಿಗೂ ಬಾಟಲಿಗೂ ರೇಟು ಕಡಿಮೆ ಎಂದು ನಾವೆಲ್ಲ ನೆನಪಿಟ್ಟುಕೊಂಡಿರುವ ಊರು, ಅದೇ ಮಾಹೆ. ಒಂದು ಕಾಲದಲ್ಲಿ ಫ್ರೆಂಚರ ಕೈಯಲ್ಲಿದ್ದ ಊರು. ಆಮೇಲೆ ಅದರ ಕೆಳಗೆ ಮೂರು ತಾರೀಕು ಬರೆದರು. 1954 ಮೇ 7, ವಿಯೆಟ್ನಾಮಿನ ಡಿಯೆನ್ ಬಿಯೆನ್ ಫು ಕಣಿವೆಯಲ್ಲಿ ಫ್ರೆಂಚರು ಸೋತ ದಿನ. 1954 ಜುಲೈ 16, ಫ್ರೆಂಚ್ ಅಧಿಕಾರಿ ಮಾಹೆ ಬಿಟ್ಟು ಹೊರಟ ದಿನ. 1954 ಜುಲೈ 21, ಜಿನೀವಾದಲ್ಲಿ ವಿಯೆಟ್ನಾಂ ಒಪ್ಪಂದ ಮುಗಿದ ದಿನ. ಮೂರೂ ಎರಡೂವರೆ ತಿಂಗಳೊಳಗೆ. ನಾನು ಆ ಸ್ಟೇಷನ್ನಿನಲ್ಲಿ ಎಷ್ಟು ಸಲ ರೈಲಿನ ಕಿಟಕಿಯಿಂದ ಚಾಯ ತೆಗೆದುಕೊಂಡಿದ್ದೇನೋ. ಅಷ್ಟು ದೂರದ ಒಂದು ಕಣಿವೆಯಲ್ಲಿ ನಡೆದ ಯುದ್ಧ ಮುಗಿದ ವರ್ಷವೇ ಇಲ್ಲಿಯ ಫ್ರೆಂಚ್ ಬಾವುಟವೂ ಇಳಿಯಿತು ಎಂದು ಯಾರೂ ಹೇಳಿರಲಿಲ್ಲ.

ಅಲ್ಲಿಂದ ಮಾಸ್ಟ್ರು ಹಿಂದಕ್ಕೆ ಹೋದರು. 1858ರಲ್ಲಿ ಫ್ರೆಂಚ್ ಹಡಗುಗಳು ದನಾಂಗ್ ಬಂದರಿಗೆ ಗುಂಡು ಹಾಕಿದ್ದು, ಪಾದ್ರಿಗಳನ್ನು ಕಾಪಾಡಲು ಬಂದಿದ್ದೇವೆ ಎಂದದ್ದು, ಮರುವರ್ಷ ಸೈಗಾನ್ ಹಿಡಿದದ್ದು, 1862ರಲ್ಲಿ ಮೂರು ಪ್ರಾಂತ್ಯ ಬರೆಸಿಕೊಂಡದ್ದು, 1884 ಆಗುವಾಗ ಇಡೀ ದೇಶ ಕೈಗೆ ಬಂದದ್ದು. ಒಂದು ದೇಶವನ್ನು ಮೂರು ತುಂಡು ಮಾಡಿ ಮೂರು ಹೆಸರಿಟ್ಟರು. ಉತ್ತರಕ್ಕೆ ಟೊಂಕಿನ್, ನಡುವೆ ಅನ್ನಾಮ್, ದಕ್ಷಿಣಕ್ಕೆ ಕೊಚಿನ್‌ಚೀನಾ. ಜೊತೆಗೆ ಕಾಂಬೋಡಿಯಾ, ಆಮೇಲೆ ಲಾವೋಸ್. ಎಲ್ಲ ಸೇರಿ ಇಂಡೋಚೀನಾ. ವಿಯೆಟ್ನಾಂ ಎಂಬ ಹೆಸರೇ ಸರಕಾರಿ ಕಾಗದದಲ್ಲಿ ಇಲ್ಲ.

ಈ ಭಾಗ ಬೇಗ ಮುಗಿಸಿದರು, ಒಳ್ಳೆಯದಾಯಿತು. ಯಾಕೆಂದರೆ ಅವರು ನಿಂತದ್ದು ತೆರಿಗೆಯ ಹತ್ತಿರ. 1897ರಲ್ಲಿ ಪೌಲ್ ಡೂಮೆ ಎಂಬ ಗವರ್ನರ್ ಜನರಲ್ ಬಂದ. ಆಡಳಿತದ ಖರ್ಚು ಆ ಜನರಿಂದಲೇ ಎತ್ತಬೇಕು ಎಂದು ಉಪ್ಪು, ಅಫೀಮು, ಸಾರಾಯಿ ಮೂರನ್ನೂ ಸರಕಾರದ ಹಿಡಿತಕ್ಕೆ ತಂದ. ಮನೆಯಲ್ಲಿ ಅಕ್ಕಿಯ ಕಳ್ಳು ಇಳಿಸಿದರೆ ಅಪರಾಧ. ಕಾರ್ಖಾನೆಯ ಸಾರಾಯಿಯನ್ನೇ ಕೊಳ್ಳಬೇಕು. ಹಳ್ಳಿಹಳ್ಳಿಗೆ ಇಷ್ಟು ಖರ್ಚಾಗಲೇಬೇಕು ಎಂಬ ಲೆಕ್ಕ ಬೇರೆ. ಉಪ್ಪು ಮಾಡುವವನು ತಾನೇ ಮಾಡಿದ ಉಪ್ಪನ್ನು ಕಡಿಮೆ ಬೆಲೆಗೆ ಸರಕಾರಕ್ಕೆ ಕೊಟ್ಟು, ಅದನ್ನೇ ಜಾಸ್ತಿ ಬೆಲೆಗೆ ವಾಪಸ್ ತೆಗೆದುಕೊಳ್ಳಬೇಕು. ಉಪ್ಪಿನ ಸತ್ಯಾಗ್ರಹದಲ್ಲಿ ಪಯ್ಯನ್ನೂರಿನ ಕಡಲಬದಿಯಲ್ಲಿ ಕೇಳಪ್ಪನ್ ಅವರು ಉಪ್ಪು ಮಾಡಿದ ಕಥೆ ಕೇಳಿ ಬೆಳೆದ ನಮಗೆ ಇದು ಕೂಡಲೇ ತಲೆಗೆ ಹೋಯಿತು. ಅದು 1930. ಆ ವರ್ಷವನ್ನು ನೆನಪಿಟ್ಟುಕೊಳ್ಳಿ ಎಂದರು ಮಾಸ್ಟ್ರು.

ಇನ್ನೊಂದು ಮಾತು ಹೇಳಿದರು, ಅದು ಸ್ವಲ್ಪ ಚುಚ್ಚಿತು. ಪುದುಚೇರಿ, ಕಾರೈಕಲ್ ಕಡೆಯ ತುಂಬಾ ಜನ ಸೈಗಾನಿನಲ್ಲಿ ಫ್ರೆಂಚರ ಗುಮಾಸ್ತರಾಗಿ, ಪೊಲೀಸರಾಗಿ ಇದ್ದರು. ತಮಿಳುನಾಡಿನ ಚೆಟ್ಟಿಯಾರರು ಅಲ್ಲಿಯ ರೈತರಿಗೆ ಬಡ್ಡಿಗೆ ಸಾಲ ಕೊಡುತ್ತಿದ್ದರು. ಅಂದರೆ ಅಲ್ಲಿಯ ಬಡವನ ಕಣ್ಣಿಗೆ ಆಳುವವರ ಪಕ್ಕದಲ್ಲಿ ನಮ್ಮಂಥ ಮುಖಗಳೂ ಇದ್ದವು. ಇದನ್ನು ಮುಚ್ಚಿಡದೆ ಹೇಳಿದ್ದು ನನಗೆ ಹಿಡಿಸಿತು.

ಎರಡನೇ ಭಾನುವಾರ ಜೋರು ಮಳೆ. ವಾಚನಾಲಯದ ಹಿಂದಿನ ಕೋಣೆಗೆ ಶೀಟಿನ ಮಾಡು, ಹಾಗಾಗಿ ಅರ್ಧ ಪಾಠ ಕೇಳಿಸಲೇ ಇಲ್ಲ. ಮೈಕು ಇಲ್ಲ. ಮುಂದಿನ ಸಾಲಿನ ನಾಲ್ಕು ಜನ ಬಿಟ್ಟು ಉಳಿದವರು ಝೆರಾಕ್ಸ್ ನೋಡಿಕೊಂಡು ಕೂತೆವು. ಫೀಸು ತೆಗೆದುಕೊಂಡ ಮೇಲೆ ಒಂದು ಸಣ್ಣ ಸ್ಪೀಕರ್ ಇಡಬೇಕಿತ್ತು, ಇದು ನನ್ನ ಮೊದಲ ದೂರು. ಫಾನ್ ಬೋಯ್ ಚಾವ್ ಎಂಬವರು ಹುಡುಗರನ್ನು ಗುಟ್ಟಾಗಿ ಜಪಾನಿಗೆ ಓದಲು ಕಳಿಸಿದ್ದು, ಯೆನ್ ಥೇ ಕಾಡಿನಲ್ಲಿ ದೇ ಥಾಮ್ ಎಂಬ ರೈತನಾಯಕ 1913ರವರೆಗೂ ಫ್ರೆಂಚರಿಗೆ ಸಿಗದೆ ಹೋರಾಡಿದ್ದು, ಇದೆಲ್ಲ ಓದಿ ತಿಳಿದುಕೊಂಡದ್ದೇ. ಮುಂದೆ ಈ ಹೋರಾಟದ ನಾಯಕರಾದ ಹೋ ಚಿ ಮಿನ್ 1911ರಲ್ಲಿ ಸೈಗಾನಿನಿಂದ ಹಡಗಿನ ಅಡುಗೆಮನೆಯ ಕೆಲಸಕ್ಕೆ ಸೇರಿ ಹೊರಟವರು 30 ವರ್ಷ ಊರಿಗೆ ಬರಲಿಲ್ಲ ಎಂಬುದು ಮಾತ್ರ ಮಳೆಯ ಸದ್ದಿನಲ್ಲೂ ಕಿವಿಗೆ ಬಿತ್ತು. 1919ರಲ್ಲಿ ದೊಡ್ಡ ದೇಶದವರೆಲ್ಲ ಪ್ಯಾರಿಸಿನ ಹತ್ತಿರ ವರ್ಸಾಯಿಯಲ್ಲಿ ಸೇರಿದ್ದಾಗ ಅವರು ಎಂಟು ಬೇಡಿಕೆಗಳ ಮನವಿ ಕೊಡಲು ಹೋದರಂತೆ. ಆ ಎಂಟರಲ್ಲಿ ಸ್ವಾತಂತ್ರ್ಯ ಕೊಡಿ ಎಂಬ ಮಾತು ಕೂಡ ಇರಲಿಲ್ಲ. ಪತ್ರಿಕೆ ನಡೆಸಲು ಬಿಡಿ, ಶಾಲೆ ಕೊಡಿ, ಫ್ರೆಂಚರಿಗೂ ನಮಗೂ ಒಂದೇ ನ್ಯಾಯ ಇರಲಿ, ಇಷ್ಟೇ. ಅಷ್ಟಕ್ಕೂ ಉತ್ತರ ಸಿಗಲಿಲ್ಲ.

ಮಳೆ ನಿಂತ ಮೇಲೆ 1930 ಬಂತು. ಫೆಬ್ರವರಿಯಲ್ಲಿ ಯೆನ್ ಬಾಯ್ ಎಂಬಲ್ಲಿ ಫ್ರೆಂಚ್ ಪಡೆಯ ವಿಯೆಟ್ನಾಮಿ ಸಿಪಾಯಿಗಳೇ ದಂಗೆ ಎದ್ದರು. ಒಂದು ದಿನದೊಳಗೆ ಅದನ್ನು ಮುರಿದರು. ಜೂನ್‌ನಲ್ಲಿ ನಾಯಕ ಎನ್ಗುಯೆನ್ ಥಾಯ್ ಹೋಕ್ ಮತ್ತು 12 ಜನರ ತಲೆ ಕಡಿದರು. ಅದೇ ಫೆಬ್ರವರಿಯಲ್ಲಿ ದಕ್ಷಿಣದ ಫು ರಿಯೆಂಗ್ ಎಂಬ ರಬ್ಬರ್ ತೋಟದಲ್ಲಿ ಕೂಲಿಗಳು ಕೆಲಸ ನಿಲ್ಲಿಸಿದರು. ತೋಟ ಟಯರಿನ ಮಿಷೆಲಿನ್ ಕಂಪನಿಯದ್ದು. ಉತ್ತರದ ಬಡ ಹಳ್ಳಿಗಳಿಂದ ಕರಾರು ಬರೆಸಿಕೊಂಡು ತಂದ ಜನ. ಮಲೇರಿಯಾ, ಹೊಡೆತ, ಓಡಿಹೋಗುವ ಹಾಗಿಲ್ಲ. ನಮ್ಮ ತಂಡದಲ್ಲಿ ಒಬ್ಬರು ದಿನಾ ಬೆಳಿಗ್ಗೆ ಟ್ಯಾಪಿಂಗ್ ಮಾಡುವವರಿದ್ದಾರೆ. ಒಬ್ಬನಿಗೆ ದಿನಕ್ಕೆ ಎಷ್ಟು ಮರ ಎಂದು ಅವರು ಕೇಳಿದರು. ಮಾಸ್ಟ್ರು ನೋಡಿ ಹೇಳುತ್ತೇನೆ ಎಂದರು, ಮುಂದಿನ ವಾರ ಮರೆತರು. ಆದರೆ ಆ ಪ್ರಶ್ನೆ ಬಂದ ರೀತಿಯೇ ಬೇರೆ ಇತ್ತು. ಗೆರಟೆಗೆ ತೊಟ್ಟಿಕ್ಕುವ ಹಾಲು ನೋಡಿ ಗೊತ್ತಿದ್ದವರು ಮಾತ್ರ ಕೇಳುವ ಪ್ರಶ್ನೆ ಅದು.

ನಿಮಗೆ ಒಂದೇ ದಿನ ಬಿಡುವು ಇದ್ದರೆ ಮೂರನೇ ಭಾನುವಾರ ಹೋಗಿ. ಅವತ್ತಿನದ್ದು 1945.

ಅದರ ಹಿಂದಿನ ಐದು ವರ್ಷ ವಿಯೆಟ್ನಾಮಿನಲ್ಲಿ ಇಬ್ಬರು ಯಜಮಾನರು. 1940ರಲ್ಲಿ ಜಪಾನ್ ಸೈನ್ಯ ಬಂತು, ಫ್ರೆಂಚ್ ಆಡಳಿತವನ್ನೂ ಹಾಗೇ ಇಟ್ಟುಕೊಂಡಿತು. ಭತ್ತದ ಗದ್ದೆಯಲ್ಲಿ ಸೆಣಬು ಹಾಕಿಸಿದರು. ಇದ್ದ ಅಕ್ಕಿಯನ್ನು ಕಡ್ಡಾಯವಾಗಿ ಎತ್ತಿದರು. ಅಮೆರಿಕದ ವಿಮಾನಗಳು ರೈಲುದಾರಿ ಒಡೆದ ಕಾರಣ ದಕ್ಷಿಣದ ಅಕ್ಕಿ ಉತ್ತರಕ್ಕೆ ಬರಲಿಲ್ಲ. ಮೇಲಿಂದ ಚಂಡಮಾರುತ. 1944ರ ಕೊನೆಯಿಂದ 1945ರ ಬೇಸಗೆಯವರೆಗೆ ಉತ್ತರದಲ್ಲಿ ಜನ ದಾರಿಯಲ್ಲೇ ಬಿದ್ದು ಸತ್ತರು. ಸತ್ತವರು 4 ಲಕ್ಷ ಎಂಬ ಲೆಕ್ಕದಿಂದ 20 ಲಕ್ಷ ಎಂಬ ಲೆಕ್ಕದವರೆಗೆ ಇದೆ. ಬಂಗಾಳದಲ್ಲಿ 1943ರಲ್ಲಿ ಆದದ್ದೇ ಅಲ್ವಾ ಇದು, ಎಂದು ಮಗಳು ಮೆಲ್ಲಗೆ ಹೇಳಿದಳು. ಹೋ ಚಿ ಮಿನ್ ಅವರ ವಿಯೆಟ್ ಮಿನ್ ಎಂಬ ಸಂಘಟನೆ 1941ರಲ್ಲೇ ಹುಟ್ಟಿತ್ತು. ಆದರೆ ಜನ ಅವರ ಹಿಂದೆ ಹೋದದ್ದು ಈ ಹಸಿವಿನ ವರ್ಷದಲ್ಲಿ, ಅವರು ಅಕ್ಕಿಯ ಗೋದಾಮು ಒಡೆದು ಹಂಚಿದಾಗ. ಹೋರಾಟ ಎಂದರೆ ಭಾಷಣ ಎಂದುಕೊಂಡಿದ್ದ ನನಗೆ ಈ ಒಂದು ವಿಷಯಕ್ಕೇ 300 ರೂಪಾಯಿ ಸಂದಿತು.

ಆಗಸ್ಟಿನಲ್ಲಿ ಜಪಾನ್ ಶರಣಾಯಿತು. ರಾಜ ಬಾವೊ ದಾಯ್ ಪಟ್ಟ ಬಿಟ್ಟುಕೊಟ್ಟ. ಸೆಪ್ಟೆಂಬರ್ 2ರಂದು ಹನೋಯಿಯ ಬಾ ದಿನ್ ಮೈದಾನದಲ್ಲಿ ಹೋ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು. ಮಾತು ಶುರು ಮಾಡಿದ್ದು ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ಸಾಲಿನಿಂದ. ಅಮೆರಿಕ ತಮ್ಮ ಕಡೆ ನಿಲ್ಲಬಹುದು ಎಂಬ ಆಸೆ ಆಗ ಅವರಿಗಿತ್ತು.

ಇಲ್ಲಿ ಮಾಸ್ಟ್ರು ಚಾಕ್ ಕೆಳಗಿಟ್ಟು ನಿಂತರು. ಜಪಾನೀಯರ ಶಸ್ತ್ರ ತೆಗೆದುಕೊಳ್ಳಲು ಸೈಗಾನಿಗೆ ಬಂದ ಬ್ರಿಟಿಷ್ ಸೈನ್ಯ ಯಾವುದು ಗೊತ್ತೇ ಎಂದು ಕೇಳಿದರು. ಯಾರಿಗೂ ಗೊತ್ತಿಲ್ಲ. 20ನೇ ಇಂಡಿಯನ್ ಡಿವಿಷನ್. ನಮ್ಮ ಸಿಪಾಯಿಗಳು! ಬರ್ಮಾದಲ್ಲಿ ಜಪಾನೀಯರೊಡನೆ ಹೋರಾಡಿ ಬಂದವರು. ಜನರಲ್ ಗ್ರೇಸಿ ಎಂಬವರ ಕೈಕೆಳಗೆ. ಗ್ರೇಸಿ ಸೆರೆಯಲ್ಲಿದ್ದ ಫ್ರೆಂಚ್ ಸೈನಿಕರನ್ನು ಬಿಡಿಸಿ ಬಂದೂಕು ಕೊಟ್ಟರು. ಸೆಪ್ಟೆಂಬರ್ 23ರಂದು ಅವರು ಸೈಗಾನಿನ ಕಚೇರಿಗಳನ್ನು ವಾಪಸ್ ಹಿಡಿದರು. ಆಮೇಲೆ ಹೋರಾಟ ಎದ್ದಾಗ ಅದನ್ನು ಹತ್ತಿಕ್ಕಲು ಹೋದವರಲ್ಲಿ ಭಾರತದ ಸಿಪಾಯಿಗಳಿದ್ದರು, ಸೋತ ಜಪಾನೀ ಸೈನಿಕರನ್ನೂ ಜೊತೆಗೆ ಬಳಸಿಕೊಂಡರು. ಇಲ್ಲಿ ನಾವು ಬ್ರಿಟಿಷರೇ ಹೊರಡಿ ಎನ್ನುತ್ತಿದ್ದ ಕಾಲ. ಅಲ್ಲಿ ನಮ್ಮವರನ್ನೇ ಕಳಿಸಿ ಇನ್ನೊಂದು ಜನರ ಸ್ವಾತಂತ್ರ್ಯ ಮುರಿಸಿದರು. ನೆಹರು ಇದನ್ನು ಬಹಿರಂಗವಾಗಿ ಖಂಡಿಸಿದರು. 1946ರ ಮೊದಲ ತಿಂಗಳುಗಳಲ್ಲಿ ಸೈನ್ಯ ವಾಪಸ್ ಬಂತು. ಅಷ್ಟರಲ್ಲಿ ಫ್ರೆಂಚರು ದಕ್ಷಿಣದಲ್ಲಿ ಕಾಲೂರಿ ಆಗಿತ್ತು.

ಆ ದಿನ ಹಿಂದಿನ ಬೆಂಚಿನಲ್ಲಿದ್ದ ಒಬ್ಬ ಅಜ್ಜಿ ಎದ್ದು, ನನ್ನ ಸೋದರಮಾವ ಪಟ್ಟಾಳದಲ್ಲಿದ್ದರು, ಬರ್ಮಾದಿಂದ ಆಮೇಲೆ ಹಡಗಿನಲ್ಲಿ ಎಲ್ಲಿಗೋ ಕಳಿಸಿದ್ದರು ಎಂದು ಮನೆಯಲ್ಲಿ ಹೇಳುತ್ತಿದ್ದರು, ಅದು ಇದೇ ಇರಬಹುದಾ ಎಂದು ಕೇಳಿದರು. ಮಾಸ್ಟ್ರು ಹೌದು ಎನ್ನಲಿಲ್ಲ, ಇಲ್ಲ ಎನ್ನಲಿಲ್ಲ. ರೆಜಿಮೆಂಟ್ ಹೆಸರು ಇರುವ ಕಾಗದ ಏನಾದರೂ ಇದ್ದರೆ ತನ್ನಿ, ನೋಡೋಣ ಎಂದರು. ಸುಮ್ನೆ ಖುಷಿಪಡಿಸಲು ಹೌದು ಎಂದಿದ್ದರೆ ನನಗೆ ಬೇಸರವಾಗುತ್ತಿತ್ತು.

ನಾಲ್ಕನೇ ವಾರ ಯುದ್ಧ. 1946ರ ನವೆಂಬರಿನಲ್ಲಿ ಹೈಫಾಂಗ್ ಬಂದರಿನ ಮೇಲೆ ಫ್ರೆಂಚ್ ಹಡಗಿನ ಗುಂಡು, ಡಿಸೆಂಬರ್ 19ರಂದು ಹನೋಯಿಯಲ್ಲಿ ಪೂರ್ತಿ ಯುದ್ಧ. ನಕಾಶೆ ತೋರಿಸಲು ಪ್ರೊಜೆಕ್ಟರ್ ತಂದಿದ್ದರು, ಕರೆಂಟು ಎರಡು ಸಲ ಹೋಯಿತು. ನಕಾಶೆಯ ಹೆಸರುಗಳು ಇಂಗ್ಲಿಷಿನಲ್ಲಿ, ಅಕ್ಷರ ಎಳ್ಳಿನಷ್ಟು. ಕನ್ನಡದಲ್ಲಿ ಒಂದು ದೊಡ್ಡ ನಕಾಶೆ ಕೈಯಲ್ಲೇ ಬಿಡಿಸಿ ಗೋಡೆಗೆ ಹಚ್ಚಿದರೆ ಸಾಕಿತ್ತು, ಊರಿನ ಶಾಲೆಯ ಮಕ್ಕಳೇ ಮಾಡಿಕೊಡುತ್ತಿದ್ದರು.

ಹೊರಗಿನವರ ಕೈ ಹೇಗೆ ಹೇಗೆ ಒಳಗೆ ಬಂತು ಎಂಬುದನ್ನು ಮಾತ್ರ ಬಿಡಿಸಿ ಬಿಡಿಸಿ ಹೇಳಿದರು. ಮೊದಲ ಮೂರು ವರ್ಷ ಇದು ಫ್ರೆಂಚರ ವಸಾಹತು ಯುದ್ಧ. 1949ರಲ್ಲಿ ಚೀನಾದಲ್ಲಿ ಮಾವೊ ಗೆದ್ದರು. 1950ರ ಜನವರಿಯಲ್ಲಿ ಚೀನಾ, ಸೋವಿಯತ್ ಎರಡೂ ಹೋ ಚಿ ಮಿನ್ ಸರಕಾರಕ್ಕೆ ಮಾನ್ಯತೆ ಕೊಟ್ಟವು. ಫೆಬ್ರವರಿಯಲ್ಲಿ ಅಮೆರಿಕ, ಬ್ರಿಟನ್ ಫ್ರೆಂಚರು ಕೂರಿಸಿದ ಬಾವೊ ದಾಯ್ ಸರಕಾರಕ್ಕೆ ಕೊಟ್ಟವು. ಪಟ್ಟ ಬಿಟ್ಟ ಅದೇ ರಾಜ. ಒಂದು ಕಡೆ ಚೀನಾದಿಂದ ಬಂದೂಕು, ತರಬೇತಿ, ಸಲಹೆಗಾರರು. ಇನ್ನೊಂದು ಕಡೆ ಅಮೆರಿಕದಿಂದ ವಿಮಾನ, ದುಡ್ಡು. 1954ರ ಹೊತ್ತಿಗೆ ಫ್ರೆಂಚರ ಯುದ್ಧದ ಖರ್ಚಿನಲ್ಲಿ ಸುಮಾರು ಮುಕ್ಕಾಲು ಪಾಲಿಗಿಂತ ಜಾಸ್ತಿ ಅಮೆರಿಕವೇ ಕೊಡುತ್ತಿತ್ತು. ಅಂದರೆ ಅಮೆರಿಕ 1965ರಲ್ಲಿ ಥಟ್ಟನೆ ಬಂದದ್ದಲ್ಲ. ನಾನು ಇಷ್ಟು ವರ್ಷ ಹಾಗೆಂದೇ ತಿಳಿದಿದ್ದೆ.

ಡಿಯೆನ್ ಬಿಯೆನ್ ಫುವಿಗೆ ಒಂದು ಗಂಟೆ ಕೊಟ್ಟರು. ಸುತ್ತ ಗುಡ್ಡ, ನಡುವೆ ಬಯಲು. 1953ರ ನವೆಂಬರಿನಲ್ಲಿ ಫ್ರೆಂಚರು ವಿಮಾನದಿಂದ ಅಲ್ಲಿಗೆ ಇಳಿದು ಕೋಟೆ ಮಾಡಿಕೊಂಡರು. ಈ ಗುಡ್ಡಕ್ಕೆ ದೊಡ್ಡ ತೋಪು ಹತ್ತಿಸಲು ಯಾರಿಂದಲೂ ಆಗದು ಎಂಬ ಧೈರ್ಯ ಅವರಿಗೆ. ವಿಯೆಟ್ ಮಿನ್‌ನವರು ಹತ್ತಿಸಿದರು. ಹಗ್ಗ ಹಾಕಿ ಕೈಯಲ್ಲೇ ಎಳೆದರು. ಎಳೆದು ಸಿದ್ಧವಾದ ಮೇಲೆ, 1954ರ ಜನವರಿಯಲ್ಲಿ, ದಾಳಿಗೆ ಗಂಟೆಗಳು ಇರುವಾಗ ಅವರ ಸೇನಾಪತಿ ಜನರಲ್ ಗಿಯಾಪ್ ಬೇಡ ಎಂದರು. ಗೆಲ್ಲುವ ಖಾತ್ರಿ ಇಲ್ಲ, ತೋಪು ವಾಪಸ್ ಎಳೆಯಿರಿ. ಅಷ್ಟು ಕಷ್ಟಪಟ್ಟು ಮೇಲೆ ತಂದದ್ದನ್ನು ಪುನಃ ಇಳಿಸಿ, ಗುಂಡಿ ತೋಡಿ, ಕಂದಕ ಅಗೆದು, ಅಕ್ಕಿ ಸೇರಿಸಿ, ಮಾರ್ಚ್ 13ಕ್ಕೆ ದಾಳಿ ಶುರು ಮಾಡಿದರು. 56 ದಿನ. ಗಿಯಾಪ್ ಮೊದಲು ಇತಿಹಾಸ ಹೇಳುವ ಮಾಸ್ಟ್ರಾಗಿದ್ದರು ಎಂದು ನಮ್ಮ ಮಾಸ್ಟ್ರು ಹೇಳುವಾಗ ಅವರ ಮುಖದಲ್ಲಿ ಇದ್ದ ಹೆಮ್ಮೆ ನೋಡಬೇಕಿತ್ತು.

ಅಕ್ಕಿ ಸಾಗಿಸಿದ್ದು ಹೆಚ್ಚಾಗಿ ಮನುಷ್ಯರೇ, ಲಾರಿಗಳಿದ್ದರೂ ಎಲ್ಲ ಕಡೆ ಹೋಗುತ್ತಿರಲಿಲ್ಲ. ಸೈಕಲ್ ಹ್ಯಾಂಡಲ್ಲಿಗೆ ಬಿದಿರಿನ ಕೋಲು ಕಟ್ಟಿ, ತುಳಿಯದೆ ತಳ್ಳಿಕೊಂಡು, ಒಂದೊಂದರಲ್ಲಿ 200 ಕೆ.ಜಿ., ಅದಕ್ಕಿಂತ ಜಾಸ್ತಿಯೂ. ಅಡಿಕೆಯ ಎರಡು ಮೂಟೆ ಹೇರಿಕೊಂಡು ನಮ್ಮ ಗುಡ್ಡದ ದಾರಿಯಲ್ಲಿ ಸೈಕಲ್ ತಳ್ಳಿದವರಿಗೆ 200 ಕೆ.ಜಿ. ಎಂದರೆ ಏನು ಎಂದು ಸೊಂಟ ಹೇಳುತ್ತದೆ. ಆ ಜನ ನೂರಾರು ಕಿಲೋಮೀಟರ್ ತಳ್ಳಿದರು, ರಾತ್ರಿ ಹೊತ್ತು, ಮೇಲೆ ವಿಮಾನ ಸುತ್ತುವಾಗ. ಮೇ 7ಕ್ಕೆ ಕೋಟೆ ಬಿತ್ತು. ಹತ್ತು ಸಾವಿರದಷ್ಟು ಜನ ಸೆರೆಯಾದರು. ಸೆರೆಯಾದವರಲ್ಲಿ ತುಂಬಾ ಜನ ಮನೆಗೆ ಮುಟ್ಟಲಿಲ್ಲ, ನಡೆಸಿಕೊಂಡು ಹೋದ ದಾರಿಯಲ್ಲಿ, ಶಿಬಿರದಲ್ಲಿ ಸತ್ತರು. ಅದನ್ನೂ ಮಾಸ್ಟ್ರು ಹೇಳಿದರು.

ಕೊನೆಯ ದಿನ ಜಿನೀವಾ ಮತ್ತು ಆಮೇಲಿನ 20 ವರ್ಷ. ಇದು ನನ್ನ ದೊಡ್ಡ ದೂರು. ಎರಡು ಗಂಟೆಯಲ್ಲಿ ಆಗುವ ವಿಷಯವಾ ಇದು? ಅರ್ಧ ಗಂಟೆ ಪ್ರಮಾಣಪತ್ರ ಹಂಚುವುದಕ್ಕೆ, ವಾಚನಾಲಯದ ಪದಾಧಿಕಾರಿಗಳ ಮಾತಿಗೆ ಹೋಯಿತು. ಉಳಿದ ಒಂದೂವರೆ ಗಂಟೆಯಲ್ಲಿ ದಕ್ಷಿಣವನ್ನು ಆಳಿದ ದ್ಯೆಮ್, ಕೆನಡಿ, ಟೊಂಕಿನ್ ಕೊಲ್ಲಿ, 1968, 1975 ಎಲ್ಲ ಓಡುವ ರೈಲಿನ ಕಿಟಕಿಯಲ್ಲಿ ಕಂಡ ಹಾಗೆ ಹೋದವು. ಅದಕ್ಕೆ ಬೇರೆ ಐದು ವಾರ ಇಡಿ, ನಾವು ಬರುತ್ತೇವೆ.

ಜಿನೀವಾದ ಭಾಗ ಮಾತ್ರ ಮರೆಯಲಾಗದು. ಗೆದ್ದವರು ಮೇಜಿಗೆ ಬಂದರೆ ಅಲ್ಲಿ ಗೆರೆ ಎಳೆಯಲು ಕೂತವರು ಬೇರೆಯವರು. ಚೀನಾ, ಸೋವಿಯತ್ ಕೂಡ ಒಪ್ಪಿಕೊಳ್ಳಿ ಎಂದವು. 17ನೇ ಅಕ್ಷಾಂಶದ ಹತ್ತಿರ, ಬೆನ್ ಹಾಯ್ ನದಿಯ ಉದ್ದಕ್ಕೆ ಗೆರೆ ಬಿತ್ತು. ಇದು ತಾತ್ಕಾಲಿಕ, ಇದನ್ನು ದೇಶದ ಗಡಿ ಎಂದು ತಿಳಿಯಬಾರದು ಎಂದು ಕಾಗದದಲ್ಲೇ ಇತ್ತು. 1956ರ ಜುಲೈಯಲ್ಲಿ ಚುನಾವಣೆ, ಆಮೇಲೆ ಒಂದೇ ದೇಶ. ದಕ್ಷಿಣದಲ್ಲಿ ದ್ಯೆಮ್ ಚುನಾವಣೆ ಬೇಡ ಎಂದ, ಅಮೆರಿಕ ಅವನ ಬೆನ್ನಿಗೆ ನಿಂತಿತು. ಒಪ್ಪಂದ ಸರಿಯಾಗಿ ನಡೆಯುತ್ತದಾ ಎಂದು ನೋಡುವ ಆಯೋಗಕ್ಕೆ ಅಧ್ಯಕ್ಷ ದೇಶ ಭಾರತ. ಜೊತೆಗೆ ಕೆನಡಾ, ಪೋಲೆಂಡ್. ಜಿನೀವಾದಲ್ಲಿ ಆ ಕಡೆ ಈ ಕಡೆ ಓಡಾಡಿ ಮಾತು ಜೋಡಿಸಿದವರಲ್ಲಿ ಮಲಬಾರಿನ ಕೃಷ್ಣ ಮೆನನ್ ಒಬ್ಬರು. ಮತ್ತೆ ನಾವೇ ಅಲ್ಲಿ!

ತಾತ್ಕಾಲಿಕ ಗೆರೆ, ನದಿ, 1956 ಎಂಬ ಮೂರು ಮಾತು ಒಟ್ಟಿಗೆ ಬಂದಾಗ ಕೋಣೆ ತಣ್ಣಗಾಯಿತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ್ದು, 1967ರಲ್ಲಿ ಮಹಾಜನ್ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ (ಆಗಿನ ಮೈಸೂರಿಗೆ) ಸೇರಬೇಕು ಎಂದದ್ದು ಇಲ್ಲಿ ಎಲ್ಲರ ಮನೆಯಲ್ಲೂ ಗೊತ್ತು. ಒಬ್ಬರು ಎದ್ದು ಹೋಲಿಸಲು ಹೊರಟರು. ಮಾಸ್ಟ್ರು ತಡೆದರು. ಅಲ್ಲಿ ಲಕ್ಷಗಟ್ಟಲೆ ಜನ ಮನೆ ಬಿಟ್ಟರು, ಲಕ್ಷಗಟ್ಟಲೆ ಜನ ಸತ್ತರು, ನಾವು ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಬರುತ್ತೇವೆ, ಹೋಲಿಸಬಾರದು ಎಂದರು. ಸರಿಯಾದ ಮಾತು. ಆದರೂ ಎಲ್ಲೋ ಕೂತವರು ಗೆರೆ ಎಳೆದಾಗ ಮನಸ್ಸಿಗೆ ಏನಾಗುತ್ತದೆ ಎಂದು ಬೇರೆ ಊರಿನವರಿಗಿಂತ ನಮಗೆ ಬೇಗ ಅರ್ಥವಾಯಿತು. ಮಾಸ್ಟ್ರು ತಡೆದ ಮೇಲೂ ಆ ಅರ್ಥ ಹೋಗಲಿಲ್ಲ.

ಇನ್ನೊಂದು ಕೊರತೆ ಹೇಳಲೇಬೇಕು. ವಿಯೆಟ್ ಮಿನ್ ತಪ್ಪುಗಳ ಬಗ್ಗೆ ಮಾಸ್ಟ್ರು ತಾವಾಗಿ ಬಾಯಿ ಬಿಡಲಿಲ್ಲ. ಪ್ರೀತಿ ಜಾಸ್ತಿ, ಅದು ಕಾಣುತ್ತಿತ್ತು. ನಾನು ಕೇಳಿದ ಮೇಲೆ ಹೇಳಿದರು. ಉತ್ತರದಲ್ಲಿ ಭೂಸುಧಾರಣೆಯ ಹೆಸರಲ್ಲಿ ಸಾವಿರಾರು ಜನರನ್ನು ಕೊಂದರು, ಅದರಲ್ಲಿ ಸಣ್ಣ ರೈತರೂ ಇದ್ದರು, ವಿಯೆಟ್ ಮಿನ್ ಜೊತೆಗೇ ಇದ್ದವರೂ ಇದ್ದರು. 1956ರಲ್ಲಿ ತಪ್ಪಾಯಿತು ಎಂದು ಹೋ ಚಿ ಮಿನ್ ಒಪ್ಪಿಕೊಂಡರು, ಪಕ್ಷದ ಕಾರ್ಯದರ್ಶಿಯಾಗಿದ್ದ ಟ್ರುವಾಂಗ್ ಚಿನ್ ಹುದ್ದೆ ಬಿಡಬೇಕಾಯಿತು. ಇದು ಝೆರಾಕ್ಸಿನಲ್ಲಿ ಒಂದು ಸಾಲೂ ಇಲ್ಲ. ಮುಂದಿನ ಸಲ ಸೇರಿಸಿ. ಇದನ್ನು ಹೇಳಿದರೆ ಸೈಕಲ್ ತಳ್ಳಿದವರ ಬೆಲೆ ಕಡಿಮೆಯಾಗುವುದಿಲ್ಲ.

ಹೋಗುವವರಿಗೆ ಕೆಲವು ಮಾತು. ಸಮಯ ಚೆನ್ನಾಗಿಲ್ಲ, ಮಳೆ ಬಿಟ್ಟ ದಿನ ಎಂದರೆ ತೋಟಕ್ಕೆ ಮದ್ದು ಬಿಡುವ ದಿನ. 22 ಜನ ಹೆಸರು ಕೊಟ್ಟು ಕೆಲವು ವಾರ ಹನ್ನೊಂದೇ ಜನ ಇದ್ದದ್ದು ಅದಕ್ಕೇ. ಕೊಯಿಲು ಮುಗಿದ ಮೇಲೆ ಇಡಿ ಎಂದು ಬರೆದು ಕೊಟ್ಟಿದ್ದೇವೆ. ಬೆಂಚಿಗೆ ಒರಗು ಇಲ್ಲ, ಬೆನ್ನುನೋವಿನವರು ಗೋಡೆ ಬದಿ ಕೂರಿ. ಮುಂದಿನ ಎರಡು ಸಾಲು ಬೇಗ ತುಂಬುತ್ತದೆ, 2 ಗಂಟೆಗೇ ಬನ್ನಿ. ಕಣ್ಣ ಚಾಯ (ಹಾಲು ಹಾಕದ ಚಾಯ) ಚೆನ್ನಾಗಿದೆ. ಹತ್ತನೇ ಕ್ಲಾಸು ದಾಟಿದ ಮಕ್ಕಳನ್ನು ಧೈರ್ಯವಾಗಿ ಕರೆದುಕೊಂಡು ಬನ್ನಿ, ಅದಕ್ಕಿಂತ ಸಣ್ಣವರಿಗೆ ಬರಗಾಲದ ಫೋಟೋಗಳು ಭಾರ.

ಆ ಅಜ್ಜಿ ಕೊನೆಯ ದಿನ ಒಂದು ತಗಡಿನ ಡಬ್ಬಿ ತಂದಿದ್ದರು. ಒಳಗೆ ಎರಡು ಪದಕ, ಮಡಚಿ ಮಡಚಿ ಹರಿದ ಒಂದು ಕಾಗದ. ಪದಾಧಿಕಾರಿಗಳ ಭಾಷಣ ನಡೆಯುತ್ತಿರುವಾಗ ಮಾಸ್ಟ್ರು ಕಿಟಕಿಯ ಬೆಳಕಿಗೆ ಹಿಡಿದು ಓದಲು ನೋಡುತ್ತಿದ್ದರು, ಅಕ್ಷರ ಅಳಿಸಿಹೋಗಿತ್ತು. ಮಗಳು ಫೋನಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಕೊಟ್ಟಳು. ನಾವು ಹೊರಡುವಾಗ ಅವರಿಬ್ಬರೂ ಇನ್ನೂ ಅಲ್ಲೇ ಕೂತಿದ್ದರು.